ಸುರಂಗ ಬತ್ತಿದ್ದಕ್ಕೆ ಹವಾಮಾನ ಬದಲಾವಣೆ ಕಾರಣವಾ? ಏಳನೇ ಕ್ಲಾಸಿನ ಹುಡುಗಿಗೆ ಎಂತ ಹೇಳುವುದು?

ಪ್ರಶ್ನೆ: ಮುರಕಲ್ಲು ಟೀಚರ್, ಕಾಸರಗೋಡು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ. ಸುರಂಗ ಅಂದರೆ ನಮ್ಮ ಕಡೆ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ತೋಡಿದ ದಾರಿ.

ನಾನು ಕಾಸರಗೋಡಿನ ಒಳಭಾಗದ ಒಂದು ಕನ್ನಡ ಮಾಧ್ಯಮ ಯುಪಿ (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ಟೀಚರ್. ಏಳನೇ ಕ್ಲಾಸಿನ ವಿಜ್ಞಾನ ನನ್ನದು. ಮಕ್ಕಳು ಇಪ್ಪತ್ತಮೂರು. ಮನೆಯಲ್ಲಿ ತುಳು, ಮಲಯಾಳ, ಹವ್ಯಕ, ಬ್ಯಾರಿ, ಮರಾಟಿ. ಗೇಟಿನ ಒಳಗೆ ಕನ್ನಡ. ಹೆಚ್ಚಿನವರಿಗೆ ಸಣ್ಣದೋ ದೊಡ್ಡದೋ ಅಡಿಕೆ ತೋಟ ಉಂಟು. ಇಲ್ಲದವರ ಅಪ್ಪಂದಿರು ತೋಟದ ಕೆಲಸಕ್ಕೆ ಹೋಗುವವರು.

ಕಳೆದ ವಾರ ಪಾಠಪುಸ್ತಕ ಮುಚ್ಚಿಸಿ ಒಂದು ಪುಟ ಬರೆಸಿದೆ. "ಹವಾಮಾನ ಬದಲಾವಣೆ ಅಂದರೆ ಏನು? ನಿಮ್ಮ ಮನೆ ಹತ್ತಿರ ಕಂಡದ್ದನ್ನೇ ಬರೆಯಿರಿ." ಮೊದಲ ಸಾಲು ಎಲ್ಲರದ್ದೂ ಒಂದೇ. ಪ್ಲಾಸ್ಟಿಕ್ ಸುಡಬಾರದು, ಗಿಡ ನೆಡಬೇಕು, ಭೂಮಿಗೆ ಜ್ವರ ಬಂದಿದೆ. ಜೂನ್ 5ರ ಪರಿಸರ ದಿನಕ್ಕೆ ನಾವೇ ಹೇಳಿಕೊಟ್ಟದ್ದು, ಹಾಗೇ ವಾಪಸ್ ಬಂತು. ಎರಡನೇ ಸಾಲಿನಿಂದ ಮಜಾ ಶುರು.

ಒಬ್ಬ ಬರೆದಿದ್ದಾನೆ: "ಹಿಮಕರಡಿಗೆ ತೊಂದರೆ ಆಗಿದೆ. ನಮ್ಮೂರಲ್ಲಿ ಹಿಮಕರಡಿ ಇಲ್ಲ." ಅಷ್ಟೇ, ಮುಂದೆ ಖಾಲಿ ಪುಟ. ಏಳೆಂಟು ಮಂದಿ ಓಝೋನ್ ತೂತಿನ ಬಗ್ಗೆ ಬರೆದಿದ್ದಾರೆ. ಹಂಚು ಒಡೆದರೆ ಮನೆಯೊಳಗೆ ಬಿಸಿಲು ಬೀಳುತ್ತದಲ್ಲ, ಹಾಗೆ ಆ ತೂತಿನಿಂದ ಬಿಸಿಲು ಬಿದ್ದು ಸೆಕೆ ಜಾಸ್ತಿ ಆಯಿತಂತೆ. ಚಿತ್ರ ಕೂಡ ಬಿಡಿಸಿದ್ದಾರೆ, ಚಂದ ಉಂಟು. ಒಬ್ಬಳು ಕಣಿಕೊನ್ನ (ಕಕ್ಕೆ) ಹೂವಿನ ಬಗ್ಗೆ ಬರೆದಳು. ಏಪ್ರಿಲ್ ನಡುವಿನ ವಿಷು ಹಬ್ಬಕ್ಕೆ ಕಣಿ ಇಡುವ ಹೊತ್ತಿಗೆ ಅವರ ಮನೆಯ ಮರದಲ್ಲಿ ಹೂ ಉದುರಿ ಆಗಿರುತ್ತದಂತೆ, ಅಜ್ಜಿ ಬೇರೆ ಮನೆಯಿಂದ ತರಿಸುತ್ತಾರಂತೆ. ಇನ್ನೊಬ್ಬ: "2025ರಲ್ಲಿ ಪತ್ತನಾಜೆಗೇ ಮಳೆ ಬಂತು, ಮದ್ದು ಬಿಡಲು ಬಿಸಿಲು ಸಿಗಲಿಲ್ಲ, ಕೊಳೆರೋಗ ಬಂತು." ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಮದ್ದು ಅಂದರೆ ಅಡಿಕೆ ಗೊನೆಗೆ ಕೊಳೆರೋಗ ಬಾರದ ಹಾಗೆ ಬಿಡುವ ಔಷಧಿ. ಇದನ್ನು ಓದಿ ನನಗೆ ಖುಷಿಯಾಯಿತು. ಆ ವರ್ಷ ಮೇ 24ಕ್ಕೇ ಕೇರಳಕ್ಕೆ ಮುಂಗಾರು ಬಂದದ್ದು ಹೌದು. ವಾಡಿಕೆಯ ದಿನ ಜೂನ್ 1.

ಬೇಜಾರಾದದ್ದು ಒಂದು ಹುಡುಗನ ಪುಟ ನೋಡಿ. "ನಮ್ಮ ಬಚ್ಚಲೊಲೆಗೆ ಅಜ್ಜಿ ಸೋಗೆ, ತೆಂಗಿನ ಸಿಪ್ಪೆ ಹಾಕುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ. ಅದರಿಂದ ಭೂಮಿ ಬಿಸಿಯಾಗುತ್ತದೆ." ಮನೆಯಲ್ಲಿ ಅಜ್ಜಿಯ ಹತ್ತಿರ ಜಗಳವೂ ಮಾಡಿದ್ದಾನಂತೆ.

ಈಗ ನಿಜವಾದ ಪ್ರಶ್ನೆ. ಒಬ್ಬ ಹುಡುಗಿ, ಕ್ಲಾಸಿನಲ್ಲಿ ಬಾಯಿ ಬಿಡುವವಳೇ ಅಲ್ಲ, ಹೀಗೆ ಬರೆದಳು: "ನಮ್ಮ ಅಜ್ಜನ ಅಪ್ಪ ತೋಡಿದ ಸುರಂಗದಲ್ಲಿ ಮೊದಲು ಬೇಸಗೆಯಲ್ಲೂ ನೀರು ಬರುತ್ತಿತ್ತು. ಈಗ ಮಾರ್ಚ್‌ಗೆ ನಿಲ್ಲುತ್ತದೆ. ಒಳಗೆ ಬಾವಲಿ ಮಾತ್ರ. ಇದು ಹವಾಮಾನ ಬದಲಾವಣೆ." ಕೊನೆಗೆ ಸಣ್ಣ ಅಕ್ಷರದಲ್ಲಿ "ಹೌದಾ ಟೀಚರ್?" ಅಂತ ಕೇಳಿದ್ದಾಳೆ.

ನನಗೆ ಉತ್ತರ ಬರೆಯಲಿಕ್ಕೆ ಆಗಲಿಲ್ಲ. ಹೌದು ಅಂದರೆ ಸುಳ್ಳು ಹೇಳಿದ ಹಾಗೆ ಆಗುತ್ತದಾ? ಅಲ್ಲ ಅಂದರೆ, ಇಡೀ ಕ್ಲಾಸಿನಲ್ಲಿ ಸ್ವಂತ ಕಣ್ಣಿಂದ ನೋಡಿ ಬರೆದವಳ ಕೈಗೆ ಹೊಡೆದ ಹಾಗೆ. ಪುಟದ ಮೇಲೆ ಪೆನ್ಸಿಲಿನಲ್ಲಿ ಒಂದು ಟಿಕ್ ಹಾಕಿ ಇಟ್ಟಿದ್ದೇನೆ. ಏನಾದರೂ ಹೇಳಿ.

ಇನ್ನೊಂದು. ಜ್ವರದ ಮಾತು ಬಂದಾಗ "ಭೂಮಿಗೆ ಎಷ್ಟು ಡಿಗ್ರಿ ಟೀಚರ್?" ಅಂತ ಒಬ್ಬ ಕೇಳಿದ. ಸರಾಸರಿ ಸುಮಾರು 15 ಅಂದೆ. "ತಂಪೇ ಅಲ್ವಾ ಹಾಗಾದ್ರೆ? ಇಲ್ಲಿ 34!" ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅದಕ್ಕೂ ಉತ್ತರ ಬೇಕು.

ಉತ್ತರ 1: ಅಡಿಕೆ ಅಂಗಳ, ಕಾಸರಗೋಡು

ಟೀಚರೇ, ನಾನೂ ನಿಮ್ಮ ಕಡೆಯವನೇ. ನಮ್ಮ ಮನೆಯಲ್ಲಿ ಎರಡು ಸುರಂಗ ಉಂಟು. ಒಂದು ಬತ್ತಿದೆ, ಇನ್ನೊಂದರಲ್ಲಿ ಈಗಲೂ ಬೆರಳಿನಷ್ಟು ದಪ್ಪಕ್ಕೆ ನೀರು ಬರುತ್ತದೆ. ಎರಡಕ್ಕೂ ಬೀಳುವ ಮಳೆ ಒಂದೇ, ಅಲ್ವಾ? ಮತ್ತೆ ಒಂದು ಯಾಕೆ ಬತ್ತಿತು?

ಕಾರಣ ಹೇಳಲಿಕ್ಕೆ ನಾಚಿಕೆ ಆಗುತ್ತದೆ. ಬತ್ತಿದ ಸುರಂಗದ ಹಿಂದಿನ ಬರೆಯ (ಗುಡ್ಡೆಯ ಇಳಿಜಾರಿನ) ಮೇಲೆ ಬೋರ್‌ವೆಲ್ ಹಾಕಿಸಿದ್ದು ನಾನೇ. ಅದಕ್ಕೂ ಮೊದಲು ಗುಡ್ಡೆಯ ತಲೆಯಲ್ಲಿ ಒಂದು ಮದಕ ಇತ್ತು. ಮಳೆಗಾಲದಲ್ಲಿ ತುಂಬಿ, ಎಮ್ಮೆ ಮೀಯುವಷ್ಟು ನೀರು ನಿಲ್ಲುತ್ತಿತ್ತು. ಪಕ್ಕದ ಜಾಗದವರು ಅದನ್ನು ಮುಚ್ಚಿ ರಬ್ಬರ್ ಹಾಕಿದರು. ಅದರಿಂದಾಚೆ ಕೆಂಪುಕಲ್ಲಿನ ಕೋರೆ ಬಂತು. ಗುಡ್ಡೆಯ ಟೊಪ್ಪಿ ತೆಗೆದ ಹಾಗೆ. ಸುರಂಗ ಅಂದರೆ ಬಾವಿ ಅಲ್ಲವಲ್ಲ. ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡೆಗೆ ಇಂಗಿದ ನೀರು ಒಸರಿ ತಾನಾಗಿ ಹೊರಗೆ ಬರುವ ದಾರಿ ಅದು. ಪಂಪು ಬೇಡ, ಕರೆಂಟು ಬೇಡ. ಇಂಗಲಿಕ್ಕೆ ಜಾಗವೇ ಇಲ್ಲದಿದ್ದರೆ ಎಂತದು ಒಸರುವುದು?

ಹಾಗಂತ ಆ ಹುಡುಗಿಗೆ ಪೂರ್ತಿ ತಪ್ಪು ಅನ್ನಬೇಡಿ. ಮಳೆ ಬೀಳುವ ರೀತಿಯೂ ಬದಲಾಗಿದೆ. ನಮ್ಮ ಅಪ್ಪ 1987ರಿಂದ ಮಳೆಮಾಪಕ ಇಟ್ಟು ಡೈರಿ ಬರೆದಿದ್ದಾರೆ. ಅವರ ನಂತರ ನಾನು ಬರೆಯುತ್ತಿದ್ದೇನೆ, ಅವರಷ್ಟು ಶಿಸ್ತಿಲ್ಲ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಡೈರಿಯಲ್ಲಿ ಒಟ್ಟು ಲೆಕ್ಕ ನೋಡಿದರೆ ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ, ಅದರಿಂದ ಒಂದೂ ಗೊತ್ತಾಗುವುದಿಲ್ಲ. ಆದರೆ ಆಟಿಯ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಪುಟ ತೆಗೆದರೆ, ಅಪ್ಪ ಬರೆದದ್ದು ದಿನಾಲೂ ಸ್ವಲ್ಪ ಸ್ವಲ್ಪ. ನಾನು ಬರೆದದ್ದು ನಾಲ್ಕು ದಿನ ಸೊನ್ನೆ, ಐದನೇ ದಿನ ಮಾಪಕ ತುಂಬಿ ಹೊರಗೆ ಚೆಲ್ಲಿದೆ. ಗುಡ್ಡೆಗೆ ಇಂಗುವುದು ಹದವಾಗಿ ಬಿಡದೆ ಸುರಿಯುವ ಮಳೆ. ಒಮ್ಮೆಲೇ ಹೊಯ್ದದ್ದು ತೋಡಿಗೆ ಹೋಗುತ್ತದೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಸಂಜೆಯೊಳಗೆ ಕತೆ ಮುಗಿಯಿತು. ಇದು ಒಂದು ಮನೆಯ ಡೈರಿ ಮಾತ್ರ, ಶಾಸ್ತ್ರ ಅಂತ ಹಿಡಿಯಬೇಡಿ.

ಆ ಹುಡುಗ ಬರೆದ ಮದ್ದಿನ ವಿಷಯ ಮಾತ್ರ ನೂರಕ್ಕೆ ನೂರು ಸರಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ ಗೊನೆಗೆ ಬಿಡಬೇಕು, ಒಣಗಬೇಕು. 2025ರಲ್ಲಿ ಮರ ಹತ್ತುವವರು ಸಿಗುವ ಮೊದಲೇ ಮಳೆ ಸಿಕ್ಕಿತು. ಆದರೆ ಅವನಿಗೆ ಇದನ್ನೂ ಹೇಳಿ: 2023ರಲ್ಲಿ ಮುಂಗಾರು ಜೂನ್ 8ಕ್ಕೆ ಬಂತು. ಒಂದು ವರ್ಷ ಬೇಗ, ಒಂದು ವರ್ಷ ತಡ. ಅಷ್ಟರಿಂದಲೇ ಬದಲಾವಣೆ ಅನ್ನಲಿಕ್ಕೆ ಆಗುವುದಿಲ್ಲ. ಹವಾಮಾನದವರು ಸರಾಸರಿ ತೆಗೆಯುವುದು 30 ವರ್ಷಕ್ಕೆ. ಅವನಿಗೆ ಇನ್ನೂ ಹನ್ನೆರಡು.

ನನಗೆ ಸಿಟ್ಟು ಬರುವುದು ಒಂದಕ್ಕೇ. ನಾವು ದೊಡ್ಡವರು ಮದಕ ಮುಚ್ಚಿ, ಬೋರ್ ಕೊರೆಸಿ, ಆಮೇಲೆ "ಹವಾಮಾನ ಬದಲಾವಣೆ ಮಾರಾಯ್ರೆ, ಎಂತ ಮಾಡುವುದು" ಅಂತ ಜಗಲಿಯಲ್ಲಿ ಕೂತು ಹೇಳುತ್ತೇವೆ. ಅದೇ ಹೊತ್ತಿಗೆ ಆ ಸಣ್ಣ ಹುಡುಗ ಬಚ್ಚಲೊಲೆಯ ಪಾಪ ಹೊತ್ತುಕೊಂಡು ಅಜ್ಜಿಯ ಹತ್ತಿರ ಜಗಳ ಮಾಡುತ್ತಾನೆ.

ಉತ್ತರ 2: ಹಳೇ ಲ್ಯಾಬ್, ಹೊಸೂರು

ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದವನು. ಸುರಂಗ ನೋಡಿಲ್ಲ, ಅದರ ಬಗ್ಗೆ ಮಾತಾಡುವುದಿಲ್ಲ. ಉಳಿದದ್ದಕ್ಕೆ ಉತ್ತರ ಉಂಟು.

ಮೇಡಂ, ಮೊದಲು ಅಜ್ಜಿಯನ್ನು ಬಿಡಿಸೋಣ. ಸೋಗೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ, ನಿಜ. ಆದರೆ ಆ ಇಂಗಾಲ ಒಂದೆರಡು ವರ್ಷದ ಹಿಂದೆ ಅದೇ ಮರ ಗಾಳಿಯಿಂದ ತೆಗೆದುಕೊಂಡದ್ದು. ತೋಟ ಹಾಗೇ ಇದ್ದರೆ ಮುಂದಿನ ಸೋಗೆ ಅದನ್ನು ಮತ್ತೆ ಎಳೆದುಕೊಳ್ಳುತ್ತದೆ. ಕಲ್ಲಿದ್ದಲು, ಪೆಟ್ರೋಲ್ ಹಾಗಲ್ಲ. ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಇಂಗಾಲವನ್ನು ನಾವು ಇನ್ನೂರು ಚಿಲ್ಲರೆ ವರ್ಷದಲ್ಲಿ ಮೇಲಕ್ಕೆ ತಂದು ಸುಡುತ್ತಿದ್ದೇವೆ. ಅದು ಹೊಸದಾಗಿ ಸೇರಿದ ಸಾಲ. ಅಜ್ಜಿಯದು ಕೈಸಾಲ, ಒಂದೆರಡು ವರ್ಷದಲ್ಲಿ ತೀರುತ್ತದೆ. ಬಚ್ಚಲೊಲೆಯ ಹೊಗೆ ಅಜ್ಜಿಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಆ ಮಾತು ಬೇರೆ. ಜಗಳ ಮಾಡಲೇಬೇಕಿದ್ದರೆ ಹುಡುಗ ಅದಕ್ಕೆ ಮಾಡಲಿ, ಒಂದು ಹೊಗೆಕೊಳವೆ ಹಾಕಿಸಲಿ.

15 ಡಿಗ್ರಿ ಕೇಳಿದ ಹುಡುಗನಿಗೆ ನನ್ನ ಕಡೆಯಿಂದ ಶಹಬ್ಬಾಸ್. ಧ್ರುವದ ಹಿಮ, ಹಿಮಾಲಯ, ಮರುಭೂಮಿ, ನಿಮ್ಮ ಕಾಸರಗೋಡು, ಎಲ್ಲ ಸೇರಿಸಿ ಹಗಲು ರಾತ್ರಿ ಕೂಡಿ ಭಾಗಿಸಿದರೆ 15. ಗಾಳಿಯಲ್ಲಿ ಶಾಖ ಹಿಡಿಯುವ ಅನಿಲಗಳು ಇಲ್ಲದಿದ್ದರೆ ಅದು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಅಂದರೆ ಕಂಬಳಿ ಬೇಕೇ ಬೇಕು. ದಪ್ಪ ಆಗುತ್ತಿರುವುದೇ ತಕರಾರು. ನಿಮ್ಮ ಜ್ವರದ ಹೋಲಿಕೆಯನ್ನು ಇಲ್ಲಿ ಬಳಸಿ, ಅದಕ್ಕಷ್ಟೇ ಬಳಸಿ. ನಮ್ಮ ಮೈ 37 ಇದ್ದದ್ದು ಒಂದೂವರೆ ಡಿಗ್ರಿ ಏರಿದರೆ ಶಾಲೆಗೆ ರಜೆ. ಹೊರಗಿನ ಗಾಳಿ ಒಂದೂವರೆ ಏರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಭೂಮಿಯ ಸರಾಸರಿಯನ್ನು ಮೈಯ ಜ್ವರದ ಹಾಗೆ ಓದಬೇಕು, ಗೋಡೆಯ ಥರ್ಮಾಮೀಟರಿನ ಹಾಗಲ್ಲ. ಕಾರ್ಖಾನೆಗಳ ಕಾಲಕ್ಕೂ ಮೊದಲಿನ ಸರಾಸರಿಗೆ ಹೋಲಿಸಿ, ಪೂರಾ ಒಂದು ವರ್ಷದ ಲೆಕ್ಕದಲ್ಲಿ ಆ ಒಂದೂವರೆಯನ್ನು ಮೊದಲು ದಾಟಿದ್ದು 2024.

ಓಝೋನ್ ತೂತಿನ ತಪ್ಪು ಬರೀ ನಿಮ್ಮ ಮಕ್ಕಳದ್ದಲ್ಲ, ಬೇರೆ ಬೇರೆ ದೇಶದ ಮಕ್ಕಳೂ ಅದನ್ನೇ ಹೇಳುತ್ತಾರೆ. ತೂತು ಅಂದ ತಕ್ಷಣ ಒಳಗೆ ಬರುವುದು ನೆನಪಾಗುತ್ತದೆ. ಇಲ್ಲಿ ನಡೆಯುವುದು ಉಲ್ಟಾ, ಹೊರಗೆ ಹೋಗಬೇಕಾದ ಶಾಖ ಹೋಗುತ್ತಿಲ್ಲ. ಓಝೋನ್ ತೆಳುವಾದರೆ ಚರ್ಮಕ್ಕೆ ಕೆಟ್ಟದ್ದು ಮಾಡುವ ಕಿರಣ ಜಾಸ್ತಿ ಬರುತ್ತದೆ. ಅದಕ್ಕೆ 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಂದ ಆಯಿತು, ಫ್ರಿಜ್ಜಿನಲ್ಲಿ ಬಳಸುತ್ತಿದ್ದ ಆ ಅನಿಲಗಳನ್ನು ನಿಲ್ಲಿಸುತ್ತಾ ಬಂದರು, ತೂತು ನಿಧಾನಕ್ಕೆ ಮುಚ್ಚುತ್ತಿದೆ. ಇದನ್ನು ಮಕ್ಕಳಿಗೆ ತಪ್ಪದೇ ಹೇಳಿ. ಮನುಷ್ಯರು ಒಂದಾದರೂ ಸರಿ ಮಾಡಿದ್ದಾರೆ ಅಂತ ಗೊತ್ತಾಗಲಿ.

ದಯವಿಟ್ಟು ಎರಡು ಬಾಟಲಿಯ ಪ್ರಯೋಗ ಮಾಡಬೇಡಿ, ಒಂದರಲ್ಲಿ ವಿನೆಗರು ಸೋಡಾ ಹಾಕಿ ಇಂಗಾಲದ ಡೈಆಕ್ಸೈಡ್ ತುಂಬಿಸಿ, ಇನ್ನೊಂದರಲ್ಲಿ ಬರೀ ಗಾಳಿ ಬಿಟ್ಟು ಬಿಸಿಲಿಗೆ ಇಡುವುದು. ಅದರಲ್ಲಿ ಅನಿಲದ ಬಾಟಲಿ ಜಾಸ್ತಿ ಬಿಸಿಯಾಗಬಹುದು. ಆದರೆ ಅದಕ್ಕೆ ಮುಖ್ಯ ಕಾರಣ ಆ ಅನಿಲದ ಭಾರ, ಅದು ಮೇಲಿನ ಗಾಳಿಯ ಜೊತೆ ಬೆರೆಯದೆ ಕೆಳಗೇ ಕೂರುವುದು. ಉತ್ತರ ಸರಿ, ಕಾರಣ ತಪ್ಪು. ನಾನೇ ಎಷ್ಟೋ ವರ್ಷ ಮಾಡಿ ತೋರಿಸಿದ್ದೇನೆ, ಆ ಪಾಪ ನನ್ನದು.

ಅದರ ಬದಲು ಅಂಗಳಕ್ಕೆ ಕರೆದುಕೊಂಡು ಹೋಗಿ. ಡಿಸೆಂಬರಿನಲ್ಲಿ ಮೋಡ ಇಲ್ಲದ ರಾತ್ರಿ ಚಳಿ ಜಾಸ್ತಿ, ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ. ಮೋಡ ಇದ್ದ ರಾತ್ರಿ ಸೆಕೆ. ಅಡಿಕೆ ಒಣಹಾಕುವವರ ಮಕ್ಕಳಿಗೆ ಇದು ಗೊತ್ತೇ ಇರುತ್ತದೆ. ರಾತ್ರಿ ಸೂರ್ಯ ಇಲ್ಲ, ಮತ್ತೆ ಸೆಕೆ ಎಲ್ಲಿಂದ ಬಂತು ಅಂತ ಕೇಳಿ. ನೆಲದಿಂದ ಮೇಲಕ್ಕೆ ಹೋಗುವ ಶಾಖವನ್ನು ಮೋಡ ತಡೆದು ವಾಪಸ್ ಕಳಿಸುತ್ತದೆ. ಇಂಗಾಲದ ಡೈಆಕ್ಸೈಡ್ ಅದೇ ಕೆಲಸ ಮಾಡುತ್ತದೆ, ಕಣ್ಣಿಗೆ ಕಾಣದೆ, ವರ್ಷಪೂರ್ತಿ.

ಎಷ್ಟಿದೆ ಅಂತ ಕೇಳಿದರೆ ಅಕ್ಕಿ ತನ್ನಿ. ಹತ್ತು ಸಾವಿರ ಕಾಳಿನಲ್ಲಿ ಹಳೆಯ ಕಾಲದಲ್ಲಿ ಮೂರಕ್ಕೆ ಸ್ವಲ್ಪ ಕಡಿಮೆ, ಈಗ ನಾಲ್ಕಕ್ಕೆ ಸ್ವಲ್ಪ ಜಾಸ್ತಿ. ಪುಸ್ತಕದ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ 280 ಇದ್ದದ್ದು 420 ದಾಟಿದೆ. "ಒಂದು ಕಾಳಿಗೆ ಇಷ್ಟು ಗಲಾಟೆಯಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಣ ಗಾಳಿಯಲ್ಲಿ ಉಳಿದ ಕಾಳೆಲ್ಲ ಹೆಚ್ಚುಕಡಿಮೆ ಸಾರಜನಕ, ಆಮ್ಲಜನಕ, ಆರ್ಗಾನ್. ಅವು ಈ ಶಾಖವನ್ನು ಹಿಡಿಯುವುದೇ ಇಲ್ಲ. ಮನೆಯಲ್ಲಿ ಹತ್ತು ಜನ ಇದ್ದು ದುಡಿಯುವವರು ಇಬ್ಬರೇ ಆದರೆ ಲೆಕ್ಕಕ್ಕೆ ಬರುವುದು ಆ ಇಬ್ಬರೇ ತಾನೆ?

ಉತ್ತರ 3: ಗಡಿ ಮೇಷ್ಟ್ರು, ತಾಳವಾಡಿ

ನಮ್ಮದು ತಮಿಳುನಾಡಿನ ಈರೋಡ್ ಜಿಲ್ಲೆ, ಕಾಡಂಚು, ಶಾಲೆ ಕನ್ನಡದ್ದು. ನಮ್ಮ ಮಕ್ಕಳಿಗೆ ಎಲ್ಲದಕ್ಕೂ ಆನೆ. ಹವಾಮಾನ ಬದಲಾವಣೆ ಅಂದರೆ ಏನು? ರಾತ್ರಿ ಆನೆ ಬರುವುದು. ನೀರು ಯಾಕಿಲ್ಲ? ಆನೆ ಪೈಪು ಕಿತ್ತಿತು. ನಗಬೇಡಿ, ಕಾಡಿನ ಕೆರೆ ಬೇಗ ಒಣಗುವುದು, ಲಂಟಾನ ಕಳೆ ಹಬ್ಬಿ ಹುಲ್ಲು ಕಡಿಮೆಯಾಗುವುದು ಅದರ ಹಿಂದೆ ಇದ್ದೇ ಇದೆ. ಆದರೆ ಕಾಡಿನ ಅಂಚಿಗೇ ಮುಸುಕಿನ ಜೋಳ, ಕಬ್ಬು, ಬಾಳೆ ಹಾಕಿ ಊಟಕ್ಕೆ ಕರೆದದ್ದು ನಾವು. ಅಡಿಕೆ ಅಂಗಳದವರು ಹೇಳಿದ ಮಾತೇ.

ನನ್ನ ತಲೆನೋವು ಪದದ್ದು. ದಿನದ ಮಳೆ ಬಿಸಿಲಿಗೂ ನಾವು ಹವಾಮಾನ ಅನ್ನುತ್ತೇವೆ, ರೇಡಿಯೋದಲ್ಲಿ ಹವಾಮಾನ ವರದಿ. ಮೂವತ್ತು ವರ್ಷದ್ದಕ್ಕೆ ವಾಯುಗುಣ ಅಂತ ಪುಸ್ತಕದಲ್ಲಿ ಇದೆ, ಬಾಯಲ್ಲಿ ಯಾರೂ ಅನ್ನುವುದಿಲ್ಲ. ಮತ್ತೆ ಬದಲಾದದ್ದು ವಾಯುಗುಣ, ಹೆಸರು ಮಾತ್ರ ಹವಾಮಾನ ಬದಲಾವಣೆ! ನಿನ್ನೆ ಬಿಸಿಲು, ಇವತ್ತು ಮಳೆ, "ಬದಲಾಯ್ತಲ್ಲ ಸಾರ್" ಅಂತಾನೆ ಹುಡುಗ. ಅವನು ಕನ್ನಡ ಸರಿಯಾಗಿಯೇ ಓದಿದ್ದಾನೆ. ನಾನು ಈಗ "ಇವತ್ತಿನ ಮಳೆ", "ತಾತನ ಕಾಲದ ಮಳೆ" ಅಂತ ಎರಡು ಮಾತು ಇಟ್ಟುಕೊಂಡಿದ್ದೇನೆ. ಪರೀಕ್ಷೆಗೆ ಬರೆಯಲು ಆಗಲ್ಲ, ಕ್ಲಾಸಿನಲ್ಲಿ ಕೆಲಸ ಮಾಡುತ್ತದೆ.

ಉತ್ತರ 4: ಜತ್ತ ಕಡೆಯವ

ನಮಸ್ಕಾರ್ರಿ. ನಾನು ಮಾಸ್ತರ ಅಲ್ಲ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತವನು. ಒಂದೇ ಮಾತು. 3500 ಮಿಲಿಮೀಟರ್ ಮಳೆಯಲ್ಲಿ ಕೂತು ನೀವು ನೀರಿಲ್ಲ ಅಂತ ಬರೆದದ್ದು ಓದಿ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಏರಿ ಸಾಂಗ್ಲಿ ಪಟ್ಟಣ ಮುಳುಗಿತ್ತು. ಅದೇ ಜಿಲ್ಲೆಯ ಪೂರ್ವಕ್ಕೆ ನಮ್ಮ ಕಡೆ ಟ್ಯಾಂಕರ್ ನೀರು. ನನ್ನ ತಮ್ಮ ಆಗ ಐದನೆತ್ತೆ. ಟಿವಿಯಲ್ಲಿ ದೋಣಿ ನೋಡಿ, "ಅಷ್ಟು ನೀರು ಐತಿ, ಟ್ಯಾಂಕರ್‌ನ್ಯಾಗ ತುಂಬಿಕೊಂಡ ಬರಾಕ ಏನಾಗೈತಿ?" ಅಂತ ಕೇಳಿದ. ಮನೆಯಲ್ಲಿ ಯಾರಿಗೂ ಉತ್ತರ ಇರಲಿಲ್ಲ. ಅವನನ್ನು ಹವಾಮಾನ ಬದಲಾವಣೆ ಏನು ಅಂತ ಯಾವ ಪರೀಕ್ಷೆಯಲ್ಲಿ ಕೇಳಿದರೂ ಹಿಮಕರಡಿ ಅಂತಲೇ ಬರೆದಿರುತ್ತಾನೆ. ಆ ಪ್ರಶ್ನೆ ಕೇಳಿದ್ದಕ್ಕೆ ಮಾರ್ಕ್ಸ್ ಸಿಗಲ್ಲ ನೋಡ್ರಿ.

ಪ್ರಶ್ನೆ ಕೇಳಿದವರಿಂದ: ಮುರಕಲ್ಲು ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಜತ್ತದವರೇ, ನಿಮ್ಮ ತಮ್ಮನ ಪ್ರಶ್ನೆಯನ್ನು ಹಾಗೇ ಕ್ಲಾಸಿನಲ್ಲಿ ಕೇಳಿದೆ. ಒಂದು ಪೀರಿಯಡ್ ಸಾಕಾಗಲಿಲ್ಲ.

ಮೋಡದ ರಾತ್ರಿ ಚೆನ್ನಾಗಿ ಹಿಡಿಯಿತು ಸರ್. ಹಂಚಿನ ಚಿತ್ರ ಬಿಡಿಸಿದವನೇ ಎದ್ದು "ಹಾಗಾದ್ರೆ ತೂತು ಅಲ್ಲ, ತೂತು ಮುಚ್ಚಿದ್ದು" ಅಂದ. ಪೂರ್ತಿ ಸರಿ ಅಲ್ಲ, ಆದರೆ ದಾರಿಗೆ ಬಂದಿದ್ದಾನೆ. ಅಕ್ಕಿ ಎಣಿಸುವುದು ಸಾವಿರಕ್ಕೆ ನಿಂತಿತು. ಮಧ್ಯಾಹ್ನದ ಊಟದ ಅಕ್ಕಿ ಅದು, ಅಡುಗೆಯವರು ವಾಪಸ್ ಕೇಳಿದರು.

ಒಂದು ವಿಷಯ ಮೊದಲು ಬರೆಯಲಿಲ್ಲ. ಕಳೆದ ವರ್ಷ ಒಂದು ತರಬೇತಿಯಲ್ಲಿ ಭೂಮಿಯ ಆರೋಗ್ಯ ಮತ್ತು ಮನುಷ್ಯರ ಆರೋಗ್ಯ ಒಂದೇ ಅಂತ ಹೊಸ ವಿಷಯದ ಹಾಗೆ ಸ್ಲೈಡ್ ತೋರಿಸಿದರು. ನಮ್ಮ ಕಡೆಯ ಟೀಚರುಗಳು ಮುಖ ಮುಖ ನೋಡಿಕೊಂಡೆವು. ಇಲ್ಲಿನ ಗೇರು ಗುಡ್ಡೆಗಳಿಗೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಯ್ದರು. ಸುಪ್ರೀಂ ಕೋರ್ಟು ಅದನ್ನು ದೇಶಕ್ಕೇ ನಿಲ್ಲಿಸಿದ್ದು 2011ರಲ್ಲಿ. ನನ್ನ ಕ್ಲಾಸಿನ ಒಬ್ಬನ ಚಿಕ್ಕಪ್ಪ ಹಾಸಿಗೆಯಿಂದ ಏಳುವುದಿಲ್ಲ. ಗುಡ್ಡೆಯ ಮೇಲೆ ಬಿದ್ದದ್ದು ತೋಡಿಗೆ ಬರುತ್ತದೆ, ತೋಡಿನಿಂದ ಮೈಗೆ ಬರುತ್ತದೆ ಅಂತ ಆ ಮಗುವಿಗೆ ಯಾವ ಸ್ಲೈಡೂ ಬೇಡ. ಅವನ ಪುಟದಲ್ಲಿ ಇದು ಇರಲಿಲ್ಲ. ಯಾಕೆ ಬರೆಯಲಿಲ್ಲ ಅಂದರೆ "ಅದು ಹವಾಮಾನ ಅಲ್ವಲ್ಲ ಟೀಚರ್" ಅಂದ. ಸರಿಯಾಗಿಯೇ ಹೇಳಿದ.

ಸುರಂಗದ ಹುಡುಗಿಗೆ ಟಿಕ್ ಅಳಿಸಿ ಹೀಗೆ ಬರೆದೆ: "ಸ್ವಲ್ಪ ಹೌದು. ಎಷ್ಟು ಅಂತ ನೋಡುವ. ನಿಮ್ಮ ಗುಡ್ಡೆಯ ಮೇಲೆ ಮದಕ ಇತ್ತಾ? ಹತ್ತಿರ ಬೋರ್ ಉಂಟಾ? ಯಾವ ವರ್ಷ ಹಾಕಿದ್ದು? ಅಜ್ಜನ ಹತ್ತಿರ ಕೇಳು." ಮರುದಿನ ಬಂದು ಹೇಳಿದಳು, ಅಜ್ಜ ಎರಡು ಪ್ರಶ್ನೆಗೆ ಉತ್ತರ ಕೊಟ್ಟರಂತೆ, ಬೋರ್ ಯಾವ ವರ್ಷದ್ದು ಅಂದದ್ದಕ್ಕೆ "ನಿನ್ನ ಟೀಚರಿಗೆ ಬೇರೆ ಕೆಲಸ ಇಲ್ವಾ" ಅಂದರಂತೆ.

ಅಡಿಕೆ ಅಂಗಳದವರೇ, ಒಂದು ಉಪಕಾರ. ನಿಮ್ಮ ಅಪ್ಪನ ಡೈರಿ ಮಕ್ಕಳಿಗೆ ತೋರಿಸಬಹುದಾ? ಇಪ್ಪತ್ತಮೂರು ಮಂದಿ, ಒಂದು ಶನಿವಾರ. ಹಾಳು ಮಾಡದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಉತ್ತರ: ಅಡಿಕೆ ಅಂಗಳ

ಬನ್ನಿ ಟೀಚರೇ. ಡೈರಿ ಪೆಟ್ಟಿಗೆಯಲ್ಲಿ ಉಂಟು, 1994ರದ್ದಕ್ಕೆ ಮಾತ್ರ ಗೆದ್ದಲು ಹಿಡಿದಿದೆ. ಆದರೆ ಈ ಶನಿವಾರ ಬೇಡ, ಮುಂದಿನದ್ದಕ್ಕೆ ಬನ್ನಿ. ಅವತ್ತು ನೀರು ನಿಲ್ಲಿಸಲಿಕ್ಕೆ ತೋಡಿಗೆ ಕಟ್ಟ ಹಾಕುತ್ತೇವೆ, ನಾಲ್ಕು ಮನೆಯವರು ಸೇರಿ. ಕಲ್ಲು, ಮಣ್ಣು, ಅಡಿಕೆ ಮರ ಸೀಳಿದ ಸಲಿಕೆ ಎಲ್ಲ ತಯಾರಿದೆ, ಮಣ್ಣು ಹೊರಲಿಕ್ಕೆ ಜನ ಕಡಿಮೆ. ಮಕ್ಕಳಿಗೆ ಬೇರೆ ಒಂದು ಜೊತೆ ಬಟ್ಟೆ ತರಲಿಕ್ಕೆ ಹೇಳಿ. ಆ ಹುಡುಗಿಯ ಅಜ್ಜನನ್ನೂ ಕರೆದುಕೊಂಡು ಬನ್ನಿ. ಬೋರಿನ ವಿಷಯ ನಾನು ಮಾತಾಡುತ್ತೇನೆ, ನನ್ನದನ್ನು ಮೊದಲು ತೋರಿಸಿ.